ಕಡಲೂರಿನಲ್ಲಿ ಬಿಡಾರ

ನಮ್ಮ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ಜನ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟರೆ, ಅಲ್ಲಿ ಎಲ್ಲಿ ಇಳಿಯಬೇಕೆಂದು ಯಾರನ್ನೂ ಕೇಳುವುದಿಲ್ಲ. ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದ ಕಾಲದಿಂದಲೂ ಮನೆತನ ಮನೆತನಕ್ಕೆ ಒಂದೊಂದು ಠಾವು ಗೊತ್ತಾಗಿದೆ. ಜೋಗುಳಬಾವಿಯಲ್ಲಿ ಸ್ನಾನವಾಗಬೇಕು, ಮುದುಕರು ಹೆಚ್ಚು ನಡೆಯಬಾರದು, ಎತ್ತುಗಳಿಗೆ ನೀರು ದೊರೆಯಬೇಕು, ಒಲೆ ಹೂಡಿ ಪಡ್ಡಲಗಿಯ ಅಡಿಗೆ ಮಾಡಲು ಗಾಳಿಗೆ ಮರೆಯಿರಬೇಕು. ಇಷ್ಟೆಲ್ಲ ಲೆಕ್ಕ ಹಾಕಿ ಹಿರಿಯರು ಆರಿಸಿದ ಜಾಗ ಅದು. ಬನದ ಹುಣ್ಣಿಮೆಗೆ ಗುಡ್ಡದ ಮೇಲೆ ಕಾಲಿಡಲು ಸ್ಥಳವಿಲ್ಲದಿದ್ದಾಗಲೂ ಆ ಲೆಕ್ಕ ತಪ್ಪುವುದು ಕಡಿಮೆ.

ಆದರೆ ಅದೇ ಜನ ದೀಪಾವಳಿಯ ರಜೆಯಲ್ಲಿ ಗೋಕರ್ಣಕ್ಕೋ ಕಾರವಾರಕ್ಕೋ ಹೊರಟರೆಂದರೆ ದಿಕ್ಕು ತಪ್ಪಿದವರಂತಾಗುತ್ತಾರೆ. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಹುಡುಗರ ಪ್ರವಾಸದ ಮೇಸ್ತ್ರಿಕೆಯೂ ಅಂಟಿಕೊಂಡಿತ್ತು. ಆದುದರಿಂದ ನಿವೃತ್ತನಾದ ಮೇಲೂ ಪರಿಚಿತರು ಕೇಳುತ್ತಲೇ ಇರುತ್ತಾರೆ: “ಸರ್, ಗೋಕರ್ಣದೊಳಗ ಎಲ್ಲಿ ಇಳಕೊಂಡ್ರ ಚಲೋ?” ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ಸರಿಯಾದ ಉತ್ತರ ದೊರೆಯದಿದ್ದರೆ ಪ್ರವಾಸವೇ ಕೆಡಬಹುದು. ನನಗೆ ಇದು ತಿಳಿದದ್ದು ಸ್ವಲ್ಪ ತಡವಾಗಿ, ನನ್ನ ಅಕ್ಕನ ದೆಸೆಯಿಂದ.

ಅಕ್ಕನನ್ನು ಕೊಟ್ಟದ್ದು ರಾಮದುರ್ಗ ತಾಲೂಕಿಗೆ. ಮಲಪ್ರಭೆಯನ್ನು ಬಿಟ್ಟು ಬೇರೆ ದೊಡ್ಡ ನೀರನ್ನು ಆಕೆ ಕಂಡವಳಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಿ ಆ ನೀರು ಹೊಲಮನೆಗಳಿಗೆ ನುಗ್ಗಿದ್ದನ್ನೂ ಕಂಡಿದ್ದಳು. ಆದರೂ, ಸಾಯುವುದರೊಳಗೆ ಒಮ್ಮೆ ಸಮುದ್ರವನ್ನು ನೋಡಬೇಕು, ಸೋಮವಾರ ಮಹಾಬಲೇಶ್ವರನ ದರ್ಶನ ಮಾಡಬೇಕು ಎಂಬ ಆಸೆ ಆಕೆಗೆ. 2022ರ ಡಿಸೆಂಬರಿನಲ್ಲಿ, ಆಕೆಗೆ ಎಪ್ಪತ್ತಾರು ತುಂಬಿದಾಗ, ಹೊರಟೆವು. ವಸತಿಯ ವ್ಯವಸ್ಥೆಯನ್ನು ಆಕೆಯ ಮೊಮ್ಮಗ ಬೆಂಗಳೂರಿನಲ್ಲಿ ಕುಳಿತು ಮೊಬೈಲಿನ ಚಿತ್ರ ನೋಡಿಯೇ ಮಾಡಿ ಮುಗಿಸಿದ್ದ. ಕುಡ್ಲೆಯ ತೀರ, ಬಾಗಿಲು ತೆರೆದರೆ ಕಡಲು. ಚಿತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಅದರಲ್ಲಿ ಮೆಟ್ಟಿಲುಗಳು ಮಾತ್ರ ಕಾಣಿಸಿರಲಿಲ್ಲ.

ಗೋಕರ್ಣವೆಂಬುದು ಹೆಸರಿಗೆ ಒಂದೇ ಊರು. ತಂಗುವವನ ಪಾಲಿಗೆ ಅದು ಮೂರು ನಾಲ್ಕು ಊರು. ಮೊದಲನೆಯದು ಹಳೆಯ ಊರು. ರಥಬೀದಿ, ಮಹಾಗಣಪತಿ, ಮಹಾಬಲೇಶ್ವರ, ಕೋಟಿತೀರ್ಥ, ಬಸ್‌ನಿಲ್ದಾಣ ಎಲ್ಲವೂ ಇಲ್ಲಿ ಕಾಲ್ನಡಿಗೆಯ ಅಳವಿನಲ್ಲಿವೆ. ದೇವಾಲಯದಿಂದ ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಊರ ಮುಂದಿನ ದೊಡ್ಡ ತೀರ. ಅದರ ದಕ್ಷಿಣಕ್ಕೆ ರಾಮತೀರ್ಥದ ಬಳಿ ಮುರಕಲ್ಲಿನ ಗುಡ್ಡವೊಂದು ಏಳುತ್ತದೆ. ಆ ಗುಡ್ಡದ ಆಚೆಯ ಮಡಿಲಿನಲ್ಲಿರುವುದು ಕುಡ್ಲೆ. ಇನ್ನೂ ಮುಂದೆ, ಎರಡು ಅರ್ಧಚಂದ್ರ ಸೇರಿ ಓಂಕಾರದ ಆಕಾರ ತಳೆದ ಓಂ ತೀರ. ಅದರಾಚೆಗಿನ ಹಾಫ್‌ಮೂನ್, ಪ್ಯಾರಡೈಸ್ ಎಂಬ ಪುಟ್ಟ ತೀರಗಳಿಗೆ ಕಾಲುದಾರಿ ಇಲ್ಲವೆ ದೋಣಿಯೇ ಗತಿ. ಊರಿನಿಂದ ಓಂ ತೀರದ ನೆತ್ತಿಯವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಕೆಳಕ್ಕೆ ಇಳಿಯಬೇಕು. ಕುಡ್ಲೆಗೂ ಇಳಿದೇ ಹೋಗಬೇಕು. ಇಳಿದವನು ಊಟಕ್ಕೋ ಔಷಧಕ್ಕೋ ದರ್ಶನಕ್ಕೋ ಊರಿಗೆ ಬರಬೇಕೆಂದರೆ ಮತ್ತೆ ಹತ್ತಬೇಕು.

ನಮ್ಮ ವಾಹನ ಗುಡ್ಡದ ಮೇಲೆ ನಿಂತಾಗ ಸಂಜೆ ಆರೂವರೆ. ಡಿಸೆಂಬರಿನ ಕತ್ತಲೆ ಆಗಲೇ ಕವಿದಿತ್ತು. ಅಕ್ಕನ ಎರಡೂ ಮೊಣಕಾಲು ಸವೆದಿದ್ದವು. ಮೆಟ್ಟಿಲುಗಳು ಒಂದು ಗೇಣೆತ್ತರ ಇದ್ದರೆ ಮತ್ತೊಂದು ಮೊಳದೆತ್ತರ. ಮೊಬೈಲಿನ ಬೆಳಕು ಹಿಡಿದು, ಒಂದೊಂದು ಮೆಟ್ಟಿಲಿಗೂ ಕೂಡಿಸಿ ಎಬ್ಬಿಸಿ, ಕೆಳಗೆ ಮುಟ್ಟುವಷ್ಟರಲ್ಲಿ ಒಂದು ತಾಸಾಯಿತು. ನಡುದಾರಿಯಲ್ಲಿ ಆಕೆ ಉಸಿರು ಹಿಡಿದುಕೊಂಡು ಕೇಳಿದಳು: “ತಮ್ಮಾ, ಸಮುದ್ರ ನೋಡಾಕ ಬಂದೀನೋ, ಮೆಟ್ಲ ಎಣಸಾಕ ಬಂದೀನೋ?” ನಾನು ಎಣಿಸುವುದನ್ನು ಅರ್ಧಕ್ಕೇ ಬಿಟ್ಟಿದ್ದೆ.

ಮರುದಿನ ಸೋಮವಾರ. ಆಕೆಯ ಕಾಲು ಊದಿಕೊಂಡಿತ್ತು. ಮೇಲೆ ಹತ್ತುವ ಮಾತೇ ಇರಲಿಲ್ಲ. ಮಹಾಬಲೇಶ್ವರ ಒಂದು ಗುಡ್ಡದ ಆಚೆಗಿದ್ದ. ದಿನವಿಡೀ ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಕಡಲನ್ನು ನೋಡಿದಳು. ರಾತ್ರಿ ಬಹಳ ಹೊತ್ತಿನವರೆಗೆ ಪಕ್ಕದಲ್ಲಿ ಹರೆಯದವರ ಸಂಗೀತ. ಅವರದೂ ತಪ್ಪಲ್ಲ. ಆ ತೀರಗಳಿಗೆ ಮೊದಲು ಬಿಡಾರ ಹಾಕಿದವರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗೋವೆಯ ಗದ್ದಲ ಸಾಕಾಗಿ ಇತ್ತ ಬಂದ ವಿದೇಶಿಯರು. ಗುಡ್ಡದ ಮರೆ ಇದ್ದುದರಿಂದಲೇ ಅವರಿಗೆ ಆ ಜಾಗ ಹಿಡಿಸಿತು. ಅವರನ್ನು ಸೆಳೆದ ಏಕಾಂತವೇ ನಮ್ಮ ಅಕ್ಕನ ಪಾಲಿಗೆ ಸೆರೆಯಾಯಿತು.

ಮಂಗಳವಾರ ನಾಲ್ಕು ಜನ ಹುಡುಗರು ಕುರ್ಚಿಯ ಸಮೇತ ಆಕೆಯನ್ನು ಮೇಲೆ ತಂದರು. ದೇವಾಲಯದ ಹಿಂದಿನ ಓಣಿಯಲ್ಲಿ ಒಂದು ಮನೆಯ ಕೋಣೆ ದೊರೆಯಿತು. ಯಾತ್ರಿಕರಿಗೆ ಮನೆಯಲ್ಲಿ ಇಳಿದಾಣ ಕೊಡುವ ವಾಡಿಕೆ ಗೋಕರ್ಣದಲ್ಲಿ ಹಳೆಯದು. ಕಿಟಕಿ ತೆರೆದರೆ ಎದುರುಮನೆಯ ಗೋಡೆ, ಒಂದು ತೆಂಗಿನ ಮರ, ಅಷ್ಟೆ. ಬುಧವಾರ ಬೆಳಗಿನ ಜಾವ ಎಚ್ಚರಾಗಿ ನೋಡುತ್ತೇನೆ, ಅಕ್ಕನ ಹಾಸಿಗೆ ಖಾಲಿ! ಗಾಬರಿಯಾಗಿ ಹೊರಗೆ ಓಡಿದರೆ ಆಕೆ ಸೀರೆಯ ಅಂಚು ತೋಯಿಸಿಕೊಂಡು, ಕೈಯಲ್ಲಿ ಎರಡು ಕಪ್ಪೆಚಿಪ್ಪು ಹಿಡಿದು ತಿರುಗಿ ಬರುತ್ತಿದ್ದಳು. “ನನ್ನ ಪಾಡಿಗೆ ನಾನ ಹೋಗಿ ಬಂದೆ. ಕಾಲ ತೊಳಕೊಂಡೆ” ಎಂದಳು. ಸೋಮವಾರ ತಪ್ಪಿದ ಕೊರತೆ ಮಾತ್ರ ಆಕೆಯ ಮನಸ್ಸಿನಲ್ಲಿ ಉಳಿಯಿತು.

ಅಂದಿನಿಂದ ನಾನು ಕೇಳಿದವರಿಗೆಲ್ಲ ಹೇಳುವ ಸೂತ್ರ ಇದು: ದಿನಕ್ಕೆ ಮೂರು ಸಲ ಹೋಗಬೇಕಾದ ಜಾಗದ ಹತ್ತಿರ ಇಳಿಯಿರಿ, ಒಂದೇ ಸಲ ನೋಡಬೇಕಾದ ಜಾಗಕ್ಕೆ ವಾಹನ ಮಾಡಿಕೊಂಡು ಹೋಗಿರಿ. ದರ್ಶನ, ಊಟ, ಕಡಲಿನ ಅಂಚಿನ ತಿರುಗಾಟ ಮುಖ್ಯವೆಂದರೆ ಹಳೆಯ ಊರೇ ಸರಿ. ಓಂ ತೀರವನ್ನು ಒಂದು ಸಂಜೆ ಮೇಲಿನಿಂದ ಕಂಡು ಬಂದರೂ ಸಾಕು. ದಿನವಿಡೀ ನೀರು, ಮರಳು, ಪುಸ್ತಕ ಇವಿಷ್ಟೇ ಬೇಕೆನ್ನುವ ಗಟ್ಟಿ ಕಾಲಿನವರು ಕುಡ್ಲೆಯಲ್ಲಿಯೇ ಇರಲಿ. ಎರಡನ್ನೂ ಕೂಡಿಸಲು ಹೋದವರು ಅರ್ಧ ಪ್ರವಾಸವನ್ನು ಗುಡ್ಡ ಹತ್ತಿ ಇಳಿಯುವುದರಲ್ಲೇ ಕಳೆಯುತ್ತಾರೆ. ಇದಕ್ಕೆ ಒಂದು ಅಪವಾದ ಶಿವರಾತ್ರಿ. ರಥೋತ್ಸವದ ದಿನಗಳಲ್ಲಿ ಹಳೆಯ ಊರಿನ ಓಣಿಗಳಲ್ಲಿ ಉಸಿರಾಡುವುದೂ ಕಷ್ಟ. ತಿಂಗಳುಗಟ್ಟಲೆ ಮೊದಲೇ ಗೊತ್ತುಮಾಡದವರು ಕುಮಟೆಯಲ್ಲಿಯೋ ಅಂಕೋಲೆಯಲ್ಲಿಯೋ ಇಳಿದು ಬಂದುಹೋಗುವುದು ಮೇಲು.

ರಘುವಂಶದ ಎಂಟನೆಯ ಸರ್ಗದಲ್ಲಿ ನಾರದ ಆಕಾಶಮಾರ್ಗದಲ್ಲಿ ಹೊರಟಿರುವುದು ದಕ್ಷಿಣ ಸಮುದ್ರದ ತೀರದಲ್ಲಿ, ಗೋಕರ್ಣವನ್ನು ನಿವಾಸವಾಗಿ ಮಾಡಿಕೊಂಡ ಈಶ್ವರನನ್ನು ಸೇವಿಸಲು. ನಾರದನಿಗೆ ಮೆಟ್ಟಿಲುಗಳ ತಾಪತ್ರಯವಿರಲಿಲ್ಲ ಎಂದು ತರಗತಿಯಲ್ಲಿ ನಾನು ಹೇಳುವಂತಿರಲಿಲ್ಲ, ಇಲ್ಲಿ ಹೇಳಬಹುದು. ಸಾಹಿತ್ಯಾಸಕ್ತರಿಗೆ ಈ ಸೀಮೆಯಲ್ಲಿ ಇನ್ನೂ ಒಂದು ಸೆಳೆತವಿದೆ. ಯಶವಂತ ಚಿತ್ತಾಲರ ಹನೇಹಳ್ಳಿ, ಸು. ರಂ. ಎಕ್ಕುಂಡಿಯವರು ಬಹುಕಾಲ ಶಿಕ್ಷಕರಾಗಿದ್ದ ಬಂಕಿಕೊಡ್ಲ, ಎರಡೂ ಗೋಕರ್ಣದ ನೆರೆಯಲ್ಲೇ ಇವೆ. ಗೌರೀಶ ಕಾಯ್ಕಿಣಿಯವರಂತೂ ಗೋಕರ್ಣದವರೇ. ಊರೊಳಗೆ ಇಳಿದವನಿಗೆ ಒಂದು ಬೆಳಗಿನಲ್ಲಿ ಇವನ್ನೆಲ್ಲ ಸುತ್ತಿ ಬರುವುದು ಸುಲಭ.

“ಸಮುದ್ರಕ್ಕೆ ಎದುರಾದ ಕೋಣೆ” ಎಂಬ ಮಾತಿಗೆ ನಮ್ಮವರು ಬಹಳ ಮರುಳಾಗುತ್ತಾರೆ. ನಮ್ಮ ಕಡಲು ಪಶ್ಚಿಮದ್ದು. ಸೂರ್ಯ ಅದರಲ್ಲಿ ಮುಳುಗುತ್ತಾನೆ, ಅದರಿಂದ ಏಳುವುದಿಲ್ಲ. ಸೂರ್ಯೋದಯ ನೋಡಲೆಂದು ನಸುಕಿನಲ್ಲೆದ್ದು ಮರಳಿನ ಮೇಲೆ ಕುಳಿತ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಬೆನ್ನ ಹಿಂದಿನ ಬೆಟ್ಟದ ಮೇಲೆ ಹೊತ್ತು ಮಾರುದ್ದ ಬಂದಮೇಲೆ ಅವರಿಗೆ ತಿಳಿಯಿತು. ಕಡಲಿಗೆ ಮುಖಮಾಡಿದ ಕೋಣೆಯ ಮೇಲೆ ಮಧ್ಯಾಹ್ನದಿಂದ ಸಂಜೆಯವರೆಗೂ ಬಿಸಿಲು ಬೀಳುತ್ತದೆ. ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ಕಡಲಿನಿಂದ ದಂಡೆಗೆ ಬೀಸುತ್ತದೆ. ರಾತ್ರಿ ನೆಲ ಬೇಗ ಆರುವುದರಿಂದ ಗಾಳಿ ತಿರುಗುತ್ತದೆ. ಈ ತಿರುವಿನ ಹೊತ್ತಿನಲ್ಲಿ ಎಲೆ ಅಲುಗದ ಸೆಕೆ. ಬಯಲುಸೀಮೆಯ ಒಣ ಬಿಸಿಲನ್ನು ತಡೆದುಕೊಳ್ಳುವ ನಮ್ಮ ಹಿರಿಯರು ಈ ಬೆವರಿಗೆ ಸೋತುಹೋಗುತ್ತಾರೆ. ಅವರಿಗೆ ನೋಟಕ್ಕಿಂತ ಎರಡು ದಿಕ್ಕಿಗೆ ಕಿಟಕಿಯಿರುವ ಕೋಣೆ ಹೆಚ್ಚಿನದು.

ಮಕ್ಕಳಿದ್ದವರ ಲೆಕ್ಕ ಬೇರೆ. ಮಲಪ್ರಭೆಯಲ್ಲಿ ಈಸು ಕಲಿತ ಹುಡುಗರಿಗೆ ಕಡಲು ಅರ್ಥವಾಗುವುದಿಲ್ಲ. ಹೊಳೆಯ ಸೆಳವು ಕಣ್ಣಿಗೆ ಕಾಣುತ್ತದೆ, ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲಿನಲ್ಲಿ ತೆರೆಗಳು ದಂಡೆಗೆ ತಂದು ಒಟ್ಟಿದ ನೀರು ಹಿಂದಿರುಗಲು ಒಂದು ಇಕ್ಕಟ್ಟಾದ ದಾರಿ ಮಾಡಿಕೊಳ್ಳುತ್ತದೆ. ಆ ದಾರಿಯಲ್ಲಿ ಆಳ ಹೆಚ್ಚು, ಆದುದರಿಂದ ಅಲ್ಲಿ ತೆರೆ ಒಡೆಯುವುದು ಕಡಿಮೆ. ಎರಡೂ ಬದಿಗೆ ಬಿಳಿ ನೊರೆ, ನಡುವೆ ಶಾಂತವಾದ ನೀರು. ಹೊಸಬರು ಆ ಶಾಂತಿಯನ್ನೇ ನಂಬಿ ಇಳಿಯುತ್ತಾರೆ. ಸಿಕ್ಕಿಕೊಂಡವನು ದಂಡೆಗೆ ಎದುರೀಜಿದಷ್ಟೂ ದಣಿಯುತ್ತಾನೆ. ದಂಡೆಗೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿದರೆ ಆ ಇಕ್ಕಟ್ಟಿನಿಂದ ಪಾರಾಗಬಹುದು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಕಡಲಿನ ಪಾಲಾದರು. ಪ್ರವಾಸದ ಮಾಸ್ತರನಾಗಿದ್ದ ನನಗೆ ಆ ಸುದ್ದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆದುದರಿಂದ ಮಕ್ಕಳೊಂದಿಗೆ ಹೋಗುವವರು ಜೀವರಕ್ಷಕರಿರುವ, ಜನರ ಕಣ್ಣಿರುವ ತೀರದ ಹತ್ತಿರವೇ ಇಳಿಯಬೇಕು. ನಿರ್ಜನ ತೀರದ ಚೆಲುವು ಅವರಿಗಲ್ಲ. ಹೊಳೆ ಕಡಲನ್ನು ಸೇರುವ ಅಳಿವೆಯ ಬಳಿ, ಹಾವಸೆ ಹಿಡಿದ ಬಂಡೆಗಳ ಮೇಲೆ ಯಾರೂ ಆಟಕ್ಕಿಳಿಯಬಾರದು. ಇನ್ನೊಂದು ಸಂಗತಿ. ನಮ್ಮವರು ಪಂಚಾಂಗ ನೋಡಿ ಹುಣ್ಣಿಮೆ ಅಮಾವಾಸ್ಯೆಗೇ ಹೊರಡುತ್ತಾರೆ. ಉಬ್ಬರ ಇಳಿತಗಳ ಅಂತರ ಅತಿ ಹೆಚ್ಚಾಗುವುದೂ ಆ ದಿನಗಳಲ್ಲೇ. ದಿನಕ್ಕೆರಡು ಬಾರಿ ಬರುವ ಉಬ್ಬರ ಮರುದಿನ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ನಿನ್ನೆ ಇದೇ ಹೊತ್ತಿಗೆ ಒಣಗಿದ್ದ ಬಂಡೆ ಇಂದೂ ಒಣಗಿರುತ್ತದೆಂದು ನಂಬುವಂತಿಲ್ಲ.

ದೇವರ ದರ್ಶನದ ಹಂಬಲವಿಲ್ಲದೆ, ಮುದುಕರು ಮಕ್ಕಳೊಂದಿಗೆ ಸುಮ್ಮನೆ ಕಡಲಿನ ಬಳಿ ನಾಲ್ಕು ದಿನ ಇರಬೇಕೆನ್ನುವವರಿಗೆ ನಾನು ಗೋಕರ್ಣಕ್ಕಿಂತ ಕಾರವಾರವನ್ನೇ ಹೇಳುತ್ತೇನೆ. ಅಲ್ಲಿ ಪೇಟೆ, ಬಸ್‌ನಿಲ್ದಾಣ, ಆಸ್ಪತ್ರೆ, ಕಡಲು ಎಲ್ಲವೂ ಒಂದೇ ಸಮತಟ್ಟಿನಲ್ಲಿವೆ. ರೈಲು ನಿಲ್ದಾಣ ಮಾತ್ರ ಊರ ಹೊರಗೆ. ಈಗ ರವೀಂದ್ರರ ಹೆಸರು ಹೊತ್ತ ಆ ತೀರಕ್ಕೆ ಇಪ್ಪತ್ತೆರಡರ ಹರೆಯದ ರವೀಂದ್ರರು 1883ರಲ್ಲಿ ಬಂದದ್ದು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ. ಬೆಳದಿಂಗಳಿನಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ಅವರು ತಮ್ಮ ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಹುಟ್ಟಿದ್ದೂ ಅಲ್ಲಿ. ಕಾಳಿಯ ಆಚೆ ದಡದ ದೇವಬಾಗದಲ್ಲಿ ಗಾಳಿಮರಗಳ ನೆರಳೂ ಶಾಂತಿಯೂ ಹೆಚ್ಚು. ಆದರೆ ಸಣ್ಣಪುಟ್ಟದಕ್ಕೂ ಹೊಳೆ ದಾಟಿ ಬರಬೇಕು. 2024ರ ಆಗಸ್ಟ್ 7ರ ರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಬಿದ್ದಾಗ, ಹೊಸ ಸೇತುವೆಯೊಂದು ಪಕ್ಕದಲ್ಲಿ ಇಲ್ಲದಿದ್ದರೆ ಎರಡು ದಡಗಳ ಗತಿ ಏನಾಗುತ್ತಿತ್ತೆಂದು ಎಲ್ಲರೂ ಯೋಚಿಸಿದರು. ಊರಿನ ದಕ್ಷಿಣದ ಕೆಲವು ತೀರಗಳು ನೌಕಾನೆಲೆಗೆ ಸೇರಿವೆ. ಹಳೆಯ ಪ್ರವಾಸದ ಪುಸ್ತಕ ನಂಬಿ ಅತ್ತ ಹೋಗಬೇಡಿರಿ.

ಹೊರಡುವ ಹೊತ್ತೂ ವಸತಿಯ ಆಯ್ಕೆಯ ಒಂದು ಭಾಗವೇ. ಹುಬ್ಬಳ್ಳಿ–ಅಂಕೋಲೆಗಳ ನಡುವಿನ ರೈಲುದಾರಿಯ ಮಾತು ಕೇಳುತ್ತ ನಮ್ಮ ಕೂದಲು ನರೆತವು, ದಾರಿ ಇನ್ನೂ ಆಗಿಲ್ಲ. ಆದುದರಿಂದ ನಮ್ಮವರು ಧಾರವಾಡ, ಹುಬ್ಬಳ್ಳಿ, ಯಲ್ಲಾಪುರ ಹಾದು ಅರಬೈಲ್ ಘಟ್ಟ ಇಳಿದೇ ಅಂಕೋಲೆ ಸೇರಬೇಕು. ಮಧ್ಯಾಹ್ನ ಮನೆ ಬಿಟ್ಟರೆ ಮುಟ್ಟುವುದು ಕತ್ತಲಲ್ಲಿ. ಮೊದಲ ಬಾರಿ ಹೋಗುವವರು ನಸುಕಿನಲ್ಲೇ ಹೊರಟು, ಹಗಲು ಬೆಳಕಿನಲ್ಲಿ ಇಳಿದಾಣದ ದಾರಿಯನ್ನು ಕಣ್ಣಾರೆ ಕಾಣಬೇಕು. ಜೂನ್ ಜುಲೈ ತಿಂಗಳು ಬೇಡವೇ ಬೇಡ. ಆ ಎರಡು ತಿಂಗಳು ಕಡಲಿನ ಮಕ್ಕಳಾದ ಮೀನುಗಾರರ ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ. 2024ರ ಜುಲೈ 16ರಂದು ಗುಡ್ಡ ಜರಿದು ಜನರನ್ನೂ ವಾಹನಗಳನ್ನೂ ನುಂಗಿದ ಶಿರೂರು ಇರುವುದು ಅಂಕೋಲೆಯಿಂದ ಗೋಕರ್ಣದತ್ತ ಹೋಗುವ ಹೆದ್ದಾರಿಯಲ್ಲೇ.

ಈಗ ನಾನು ಯಾರಿಗಾದರೂ ಕೋಣೆ ಗೊತ್ತುಮಾಡುವುದಾದರೆ ಚಿತ್ರ ಕಳಿಸಿರೆಂದು ಹೇಳುವುದಿಲ್ಲ. ದೂರವಾಣಿ ಮಾಡಿ ಕೇಳುತ್ತೇನೆ: ವಾಹನ ಬಾಗಿಲಿನವರೆಗೆ ಬರುತ್ತದೆಯೇ, ಬರದಿದ್ದರೆ ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಟಕಟೆ ಇದೆಯೇ, ಬಾವಿಯ ನೀರು ಸಿಹಿಯೋ ಸವಳೋ, ರಾತ್ರಿ ಹತ್ತರ ಮೇಲೆ ಪಕ್ಕದಲ್ಲಿ ಏನು ಸದ್ದು. ಕಳೆದ ತಿಂಗಳು ಬೈಲಹೊಂಗಲದ ಮಿತ್ರರೊಬ್ಬರ ಸಲುವಾಗಿ ಹೀಗೆ ಕೇಳುತ್ತಿದ್ದಾಗ ಆ ಕಡೆಯವರು ಸ್ವಲ್ಪ ತಡೆಯಿರಿ ಎಂದು ಹೇಳಿ, ಹೊರಗೆ ಹೋಗಿ ಎಣಿಸಿ ಬಂದು, “ಹನ್ನೊಂದು” ಎಂದರು. ಮಿತ್ರರ ತಾಯಿಗೆ ಹನ್ನೊಂದು ಆಗುತ್ತದೆಯೇ ಎಂದು ಕೇಳಲು ನಾನು ಅವರ ಮನೆಗೆ ಹೋದೆ. ಆ ತಾಯಿ ಹೊರಗಿನ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. “ಹನ್ನೊಂದ ಹತ್ತತೀನಪ್ಪಾ, ಹನ್ನೆರಡ ಅಂದಿದ್ರ ವಿಚಾರ ಮಾಡಬೇಕಾಗಿತ್ತು” ಎಂದರು.