ಸೆಟೆದ ಕೈ, ನೆತ್ತಿಯ ಮೇಲೆ ವಿದ್ಯುತ್

ಪಾರ್ಶ್ವವಾಯುವಿನ ನಂತರ ಕೆಲವರ ಕೈ ಮಡಚಿಕೊಂಡು ಮುಷ್ಟಿ ಬಿಗಿಯುತ್ತದೆ. ಎಷ್ಟು ವೇಗವಾಗಿ ಬಿಡಿಸಲು ಹೋದರೆ ಅಷ್ಟೂ ಸೆಟೆಯುತ್ತದೆ. ಇದೇ ಸ್ಪಾಸ್ಟಿಸಿಟಿ. ಮೂಲ ದೋಷ ಸ್ನಾಯುವಿನದಲ್ಲ. ಬೆನ್ನುಹುರಿಯ ಪ್ರತಿವರ್ತನೆಗಳಿಗೆ ಮಿದುಳು ಹಾಕುತ್ತಿದ್ದ ಲಗಾಮು ಕಡಿದಿರುತ್ತದೆ.

1970ರ ದಶಕದಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಇರ್ವಿಂಗ್ ಕೂಪರ್, ಕಿರುಮಿದುಳಿನ ಮೇಲೆ ಎಲೆಕ್ಟ್ರೋಡ್ ಕೂರಿಸಿ ಈ ಬಿಗಿತ ಸಡಿಲಿಸಲು ಹೊರಟರು. ಆರಂಭದ ಸಡಗರ ಕಟ್ಟುನಿಟ್ಟಿನ ಪರೀಕ್ಷೆಗಳಲ್ಲಿ ಉಳಿಯಲಿಲ್ಲ.

ಈಗಿನ ಟಿಡಿಸಿಎಸ್‌ಗೆ (ನೆತ್ತಿಯ ಮೇಲಿಂದ ಮಿದುಳಿಗೆ ನೇರ ವಿದ್ಯುತ್ ಹಾಯಿಸುವ ವಿಧಾನ) ತಲೆಬುರುಡೆ ತೆರೆಯಬೇಕಿಲ್ಲ. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜು, 1ರಿಂದ 2 ಮಿಲಿಆಂಪಿಯರ್ ನೇರ ವಿದ್ಯುತ್, ಸುಮಾರು 20 ನಿಮಿಷ. ಕೈಯನ್ನು ಅದುರಿಸುವಷ್ಟೂ ಬಲ ಇದಕ್ಕಿಲ್ಲ. ಸಾಮಾನ್ಯವಾಗಿ ಧನಧ್ರುವದಡಿಯ ನರಕೋಶಗಳು ಚುರುಕಾಗುತ್ತವೆ, ಋಣಧ್ರುವದಡಿಯವು ತಣ್ಣಗಾಗುತ್ತವೆ. ಜರ್ಮನಿಯ ನಿಟ್ಷೆ ಮತ್ತು ಪೌಲಸ್ ಇದನ್ನು 2000ರಲ್ಲಿ ತೋರಿಸಿದರು. ನೆತ್ತಿಯಲ್ಲಿ ತುರಿಕೆ, ಚುರುಗುಟ್ಟುವಿಕೆ ಸಾಮಾನ್ಯ.

ಫಲ? ಕೆಲವು ಸಣ್ಣ ಅಧ್ಯಯನಗಳಲ್ಲಿ ಬಿಗಿತ ತಗ್ಗಿದೆ, ಕೆಲವುಗಳಲ್ಲಿ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಈ ತಂತ್ರದಲ್ಲಿ ಹೆಸರಾಗಿರುವುದು ಮುಖ್ಯವಾಗಿ ಮನೋರೋಗಗಳ ಚಿಕಿತ್ಸೆಗೆ. ಭೀಮಾತೀರದ ದೇವಣಗಾಂವದಂಥ ಊರಿನಿಂದ ಅದು 500 ಕಿಲೋಮೀಟರಿಗೂ ದೂರ. ದಿನಗಟ್ಟಲೆ ಸತತವಾಗಿ ನಡೆಯುವ ಚಿಕಿತ್ಸೆಗೆ ಆ ದೂರವೇ ಒಂದು ಅಡ್ಡಿ. ಸದ್ಯ ಫಿಸಿಯೋಥೆರಪಿ, ಬ್ಯಾಕ್ಲೋಫೆನ್ ಮಾತ್ರೆ, ಬೊಟುಲಿನಮ್ ಚುಚ್ಚುಮದ್ದುಗಳೇ ಆಧಾರ. ವಿದ್ಯುತ್ತನ್ನು ಅವುಗಳ ಜೊತೆಗೆ ಪರೀಕ್ಷಿಸಲಾಗುತ್ತಿದೆ, ಅವುಗಳ ಬದಲಿಗಲ್ಲ.