ಮೊದಲ ಅಳುವಿನ ಹಿಂದೆ

ಹೆರಿಗೆ ಕೋಣೆಯ ಹೊರಗೆ ಕಾಯುವವರ ಕಿವಿ ಒಂದೇ ಸದ್ದಿಗಾಗಿ ತೆರೆದಿರುತ್ತದೆ: ಮಗುವಿನ ಅಳು. ಆ ಹೊತ್ತಿಗೆ ಮಗುವಿನ ಎದೆಯೊಳಗೆ ದೊಡ್ಡ ಬದಲಾವಣೆಯೊಂದು ನಡೆಯುತ್ತಿರುತ್ತದೆ.

ಗರ್ಭದಲ್ಲಿ ಶಿಶುವಿನ ಶ್ವಾಸಕೋಶದ ತುಂಬ ದ್ರವ. ತಾಯಿಯ ರಕ್ತದಲ್ಲಿನ ಆಮ್ಲಜನಕ ಮಾಸಿನ ಮೂಲಕ ಹೊಕ್ಕುಳಬಳ್ಳಿಗೆ ಬರುತ್ತದೆ. ಬಳ್ಳಿಯಲ್ಲಿ ಅದನ್ನು ಹೊತ್ತು ತರುವುದು ಒಂದು ಅಭಿಧಮನಿ. ಎರಡು ಅಪಧಮನಿಗಳು ಕಲ್ಮಷವನ್ನು ಮರಳಿ ಒಯ್ಯುತ್ತವೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇದ್ದು, ಬಹುಪಾಲು ರಕ್ತ ಶ್ವಾಸಕೋಶಕ್ಕೆ ಹೋಗದೆ ಒಳದಾರಿಗಳಲ್ಲೇ ಸಾಗುತ್ತದೆ. ಮೊದಲ ಉಸಿರಿಗೆ ಶ್ವಾಸಕೋಶ ಅರಳಿ ರಕ್ತ ಅತ್ತ ಹರಿಯುತ್ತದೆ. ಕಿಂಡಿಯ ಕದ ಮುಚ್ಚಿಕೊಳ್ಳುತ್ತದೆ.

ದಾದಿ ಕಾಯುವುದು ಈ ಗಳಿಗೆಯನ್ನೇ. ಹೆರಿಗೆ ನೋವಿನುದ್ದಕ್ಕೂ ಆಕೆ ಮಗುವಿನ ಎದೆಬಡಿತ ಎಣಿಸುತ್ತಾಳೆ. ಸಾಮಾನ್ಯವಾಗಿ ಅದು ನಿಮಿಷಕ್ಕೆ 110ರಿಂದ 160. ಹುಟ್ಟಿದೊಡನೆ ಮಗುವನ್ನು ಒರೆಸಿ ತಾಯಿಯ ಎದೆಗೆ ಹಚ್ಚುತ್ತಾಳೆ. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಕತ್ತರಿಸುವುದಿಲ್ಲ. ಆಗ ಹರಿದು ಬರುವ ರಕ್ತದಿಂದ ಮಗುವಿಗೆ ಕಬ್ಬಿಣಾಂಶ ದಕ್ಕುತ್ತದೆ. ಉಸಿರಾಡದಿದ್ದರೆ ಒಂದು ನಿಮಿಷದೊಳಗೆ ಮುಖವಾಡ ಹಿಡಿದು ಗಾಳಿ ಒತ್ತಬೇಕು. ಮನೆ ಹೆರಿಗೆಯಲ್ಲಿ ಕೈತಪ್ಪುವುದು ಈ ನಿಮಿಷವೇ.

ಹರಿಹರ ತಾಲ್ಲೂಕಿನ ನಂದಿಗುಡಿಯಂಥ ಹಳ್ಳಿಗಳ ಮನೆಯವರು ಆದ್ದರಿಂದ ಮೊದಲೇ ಸಿದ್ಧರಿರಬೇಕು. ಮಗುವಿನ ಮಿಸುಕಾಟ ಕಡಿಮೆಯಾದರೆ, ರಕ್ತ ಕಂಡರೆ, ನೀರು ಹೋದರೆ ನೋವಿಗಾಗಿ ಕಾಯಬಾರದು. 108ಕ್ಕೆ ಕರೆ ಮಾಡಿ ಹರಿಹರಕ್ಕೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಹೊರಡಬೇಕು. ಮಗು ಹುಟ್ಟಿದ ಮೇಲೆ ಜೇನು, ಸಕ್ಕರೆ ನೀರು ಬೇಡ. ಒಂದು ಗಂಟೆಯೊಳಗೆ ತಾಯಿಯ ಹಳದಿ ಹಾಲೇ ಸಿಗಲಿ.