ಸಂಘದ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ

ನಿಮ್ಮ ಸ್ವಸಹಾಯ ಸಂಘದ ಲೆಕ್ಕ ಯಾರು ಬರೆಯುತ್ತಾರೆ? ಉಳಿತಾಯ ಕೂಡಿಸುವವರು ನೀವು, ಸಾಲದ ಕಂತು ಕಟ್ಟುವವರೂ ನೀವೇ. ಪುಸ್ತಕ ಮಾತ್ರ ಇನ್ನೊಬ್ಬರ ಕೈಯಲ್ಲಿ! ಅದರಲ್ಲಿ ಸಿಂಧನೂರಿನ ಬಸಮ್ಮನೂ ಮಸ್ಕಿಯ ಬಸಮ್ಮನೂ ಕಲೆತುಹೋದರೆ, ದುಡ್ಡು ಕಟ್ಟಿದವಳ ಹೆಸರಿಗೇ ಬಾಕಿ ಬೀಳುತ್ತದೆ.

ಇದನ್ನು ತಪ್ಪಿಸುವ ವಿದ್ಯೆಗೆ ರಿಲೇಷನಲ್ ಡೇಟಾಬೇಸ್ ಎಂದು ಹೆಸರು. "ಅಯ್ಯೋ, ಹೆಸರೇ ಇಷ್ಟುದ್ದ, ನಮಗ್ಯಾಕೆ?" ಅನ್ನಬೇಡಿ. ತಿಂಗಳ ಸಾಮಾನಿನ ಪಟ್ಟಿ ಬರೆಯಬಲ್ಲವರಿಗೆ ಇದೂ ಬರುತ್ತದೆ. 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಎಂಬುವರು ಈ ಕ್ರಮವನ್ನು ಮುಂದಿಟ್ಟರು. ಇದನ್ನು ಬಳಸುವವರು ಪಾಲಿಸುವ ನಿಯಮ ಸರಳ: ಒಂದು ಸಂಗತಿಯನ್ನು ಒಂದೇ ಕಡೆ ಬರೆಯಿರಿ, ಉಳಿದ ಕಡೆ ಅದರ ಸಂಖ್ಯೆ ಸಾಕು.

ಮೂರು ಕೋಷ್ಟಕ

ಮೊದಲು ಕಾಗದದ ಮೇಲೆ ಮೂರು ಕೋಷ್ಟಕ ಗೆರೆ ಹಾಕಿಕೊಳ್ಳಿ.

1. ಸದಸ್ಯರು: ಸದಸ್ಯ ಸಂಖ್ಯೆ, ಹೆಸರು, ಊರು.
2. ಸಾಲ: ಸಾಲದ ಸಂಖ್ಯೆ, ಸದಸ್ಯ ಸಂಖ್ಯೆ, ತಾರೀಖು, ಮೊತ್ತ.
3. ಕಂತು: ರಸೀದಿ ಸಂಖ್ಯೆ, ಸಾಲದ ಸಂಖ್ಯೆ, ತಾರೀಖು, ಮೊತ್ತ.

ಬಸಮ್ಮಂದಿರು ಇಬ್ಬರಿರಲಿ, ಐವರಿರಲಿ, ಸಂಖ್ಯೆ ಬೇರೆ ಬೇರೆ. ಒಬ್ಬಾಕೆ ಲಿಂಗಸುಗೂರಿಗೆ ಮನೆ ಬದಲಿಸಿದರೆ ಊರನ್ನು ಒಂದೇ ಕಡೆ ತಿದ್ದಿದರಾಯಿತು.

ಸಂಬಂಧ ಬೆಸೆಯುವುದು ಅಂದರೇನು? ನಮ್ಮ ಮಸ್ಕಿಯನ್ನೇ ನೋಡಿ. ಅಲ್ಲಿಯವರೆಗೆ ಸಿಕ್ಕ ಅಶೋಕನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಇದ್ದವು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಯ ಮೇಲೆ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇತ್ತು. ಬಿರುದೂ ಹೆಸರೂ ಒಬ್ಬನವೇ ಎಂಬುದು ಗಟ್ಟಿಯಾಯಿತು. ಸದಸ್ಯ ಸಂಖ್ಯೆ ಮಾಡುವುದೂ ಇದೇ ಕೆಲಸ: ಸಾಲ ಯಾರದ್ದೆಂದು ಹೆಸರಿಗೆ ಗಂಟು ಹಾಕುತ್ತದೆ. ನಿಯಮ ಹಾಕಿಟ್ಟರೆ, ಪಟ್ಟಿಯಲ್ಲಿಲ್ಲದ ಸದಸ್ಯೆಯ ಹೆಸರಿಗೆ ಸಾಲ ಬರೆಯಲು ಕಂಪ್ಯೂಟರ್ ಒಪ್ಪುವುದೇ ಇಲ್ಲ!

ದುಡ್ಡಿಲ್ಲದೆ ಕಲಿಯಿರಿ

ಇದಕ್ಕೆ ಬೇಕಾದ ಮುಕ್ತ ತಂತ್ರಾಂಶಗಳು ಉಚಿತ. ಮೈಎಸ್‌ಕ್ಯೂಎಲ್ 1995ರಲ್ಲಿ ಬಂತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ತಮ್ಮ ಹಿರಿಮಗಳು 'ಮೈ'ಯ ಹೆಸರಿಟ್ಟರು. 2009ರಲ್ಲಿ ಶುರುವಾದ ಮರಿಯಾಡಿಬಿಗೆ ಕಿರಿಮಗಳು ಮರಿಯಾಳ ಹೆಸರು. ಪೋಸ್ಟ್‌ಗ್ರೆಸ್ ಹುಟ್ಟಿದ್ದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, 1986ರಲ್ಲಿ.

ಹೊಸಬರು ಲಿಬ್ರೆಆಫೀಸ್ ಬೇಸ್‌ನಿಂದ ಶುರುಮಾಡಿ. ಕೈ ಪಳಗಿದ ಮೇಲೆ ಮರಿಯಾಡಿಬಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳ ಪಾಠಗಳನ್ನು ಉಚಿತವಾಗಿ ಕೊಡುತ್ತದೆ. ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳ ಪಕ್ಕ ಕೂತು ಕಲಿಯಿರಿ. ಆದರೆ ಕೀಲಿಮಣೆ ನಿಮ್ಮ ಮುಂದೆಯೇ ಇರಲಿ.

ಎಸ್‌ಕ್ಯೂಎಲ್ ಎಂಬುದು ಪ್ರಶ್ನೆ ಕೇಳುವ ಭಾಷೆ. "ಲಿಂಗಸುಗೂರಿನಲ್ಲಿ ಈ ತಿಂಗಳ ಕಂತು ಯಾರದ್ದು ಬಾಕಿ?" ಎಂದು ಅದರಲ್ಲಿ ಕೇಳಿದರೆ ಪಟ್ಟಿ ಕಣ್ಣೆದುರಿಗೆ ಬರುತ್ತದೆ.

ನೆನಪಿಡಿ

* ಸಾಲ ಕೊಡುವುದು, ಖಾತೆಯಿಂದ ಕಳೆಯುವುದು ಎರಡನ್ನೂ ಒಂದೇ ವ್ಯವಹಾರವಾಗಿ ಬರೆಸಿ. ನಡುವೆ ಕರೆಂಟ್ ಹೋದರೂ ಅರ್ಧಂಬರ್ಧ ಲೆಕ್ಕ ಉಳಿಯದು.
* ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಪ್ರತಿ ತೆಗೆದು ಬೇರೆ ಮನೆಯಲ್ಲಿಡಿ.
* ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆ ಬೇಡ!
* ಮೂರು ತಿಂಗಳು ಎರಡೂ ಲೆಕ್ಕ ತಾಳೆಯಾಗುವವರೆಗೆ ಹಳೆಯ ಪುಸ್ತಕ ಬಿಡಬೇಡಿ. ತಪ್ಪು ಲೆಕ್ಕ ತುಂಬಿದರೆ ಕಂಪ್ಯೂಟರೂ ತಪ್ಪನ್ನೇ ಹೇಳುತ್ತದೆ.

ಮುಂದಿನ ಸಭೆಯಲ್ಲಿ ಯಾರಾದರೂ "ನಿನ್ನ ಬಾಕಿ ಇನ್ನೂ ಇದೆ" ಅಂದರೆ ತಲೆ ತಗ್ಗಿಸಬೇಕಿಲ್ಲ. "ತಾರೀಖು ಹೇಳ್ರಿ, ನೋಡೋಣ" ಅನ್ನುವ ಧೈರ್ಯ ನಿಮ್ಮದಾಗಿರುತ್ತದೆ.